ತಕ್ಕಡಿಗೊಂದು ಅರ್ಜಿ

ನ್‌ಖಾಟಾ ಬೇ ಬಂದರಿನ ಏರಿನಲ್ಲಿ ನನ್ನದೊಂದು ಅಂಗಡಿ:
ಒಂದು ಕಂಪ್ಯೂಟರು, ಕಾಗದ ನುಂಗುವ ಪ್ರಿಂಟರು,
ತಗಡಿನ ಮಾಡಿನ ಮೇಲೆ ಬಿಸಿಲು ಕುಡಿಯುವ ಹಲಗೆ,
ಗೋಡೆಗೆ ದರಪಟ್ಟಿ.
ಪುಟಕ್ಕೆ ಇಷ್ಟು, ಲ್ಯಾಮಿನೇಷನ್ನಿಗೆ ಇಷ್ಟು,
ಪ್ರೇಮಪತ್ರಕ್ಕೆ ರಿಯಾಯಿತಿ ಇಲ್ಲ.

ಸಂಘದವರು ಬರುತ್ತಾರೆ. ಜೇನಿನವರು, ಇಟ್ಟಿಗೆಯವರು, ಕೋಳಿಯವರು.
ಎಲ್ಲರಿಗೂ ಬಡಿದುಕೊಟ್ಟಿದ್ದೇನೆ ಅವೇ ಪದಗಳನ್ನು:
ಸಬಲೀಕರಣ, ಸುಸ್ಥಿರ, ಸಹಭಾಗಿತ್ವ.
ಸಕಾರದ ಕೀಲಿ ಸವೆದು ನುಣ್ಣಗಾಗಿದೆ.

ನ್ಯಾಲೊಂಗ್ವೆ ಬಂದದ್ದು ಒಂದು ಮಂಗಳವಾರ.
ಚಿಟೆಂಜೆಯ ಗಂಟಿನಲ್ಲಿ ಚಿಲ್ಲರೆ, ಉಗುರಿನಲ್ಲಿ ಮೀನಿನ ಹುರುಪೆ,
ಬೆನ್ನಿಗೆ ಹದಿನೇಳು ಹೆಂಗಸರು; ಒಳಗೆ ಹಿಡಿಸಿದ್ದು ಮೂವರು.
ಕೀಲಿಮಣೆಯ ಮೇಲೇ ಇಟ್ಟಳು ಒಂದು ಹಳದಿ ಬಕೇಟು.
"ನೋಡು ಇದನ್ನ."
ನೋಡಿದೆ. ಬಕೇಟು.
"ನೆಟ್ಟಗೆ ನೋಡು."
ತಳ ಬಸುರಿಯ ಹಾಗೆ ಉಬ್ಬಿತ್ತು.
ಮ್ಜುಜುವಿನ ವ್ಯಾಪಾರಿ ಬೆಂಕಿಗೆ ಹಿಡಿದು, ಒಳಗಿನಿಂದ ಕಲ್ಲೊತ್ತಿ,
ಇಪ್ಪತ್ತು ಲೀಟರಿನ ಹೊಟ್ಟೆಗೆ ಇಪ್ಪತ್ತಾರು ಕಲಿಸಿದ್ದಾನೆ.
ದರ ಬಕೇಟಿಗಿಷ್ಟು.
ಆರು ಲೀಟರು ಉಸಿಪಾ ಮೀನು ಪ್ರತಿ ಸಲವೂ ಸುಮ್ಮನೆ ಹೋಗುತ್ತದೆ,
ಲೆಕ್ಕಕ್ಕೂ ಸಿಗದೆ, ಬೈಗುಳಕ್ಕೂ ಸಿಗದೆ.
ಇದು ಅವನು ಮರೆತು ಹೋದದ್ದಲ್ಲ, ಇವಳು ಕಸಿದದ್ದು.

"ಬರಿ. ನಮಗೊಂದು ತಕ್ಕಡಿ ಬೇಕು."
ಅಷ್ಟೇನಾ?
"ಅಷ್ಟೇ. ಸರ್ಕಾರದ ಮುದ್ರೆ ಇರೋದು.
ಬಕೇಟು ತಂದವನಿಗೆ ಮೀನಿಲ್ಲ ಅನ್ನೋ ಎದೆ
ನಮ್ಮ ಹತ್ರಾನೇ ಇದೆ, ಅದನ್ನ ಕೇಳಬೇಡ."

ಅರ್ಜಿ ಮೂವತ್ತೊಂದು ಪುಟ. ತಕ್ಕಡಿಗೆ ಖಾನೆ ಇರಲಿಲ್ಲ.
ತರಬೇತಿಗೆ ಇತ್ತು, ತರಬೇತಿಯ ಊಟಕ್ಕೆ ಇತ್ತು,
ಊಟದ ಹೊತ್ತಿಗೆ ಇಳಿಯುವ ತಜ್ಞರ ವಿಮಾನಕ್ಕೂ ಇತ್ತು.
'ಫಲಾನುಭವಿ' ಎಂಬಲ್ಲಿ ಬೆರಳಿಟ್ಟು ಕೇಳಿದಳು, "ಯಾರಿವನು?"
ನೀವೇ.
"ಯಾವ ಫಲ?"
ಪುಟಕ್ಕಿಷ್ಟು ಸಿಗುವುದು ನನಗೆ ಎಂದು ಹೊಳೆದು
ಪ್ರಿಂಟರಿನ ಕಡೆ ತಿರುಗಿದೆ.

ಕಾಸಿರುವ ದೊಡ್ಡ ಕಟ್ಟಡಕ್ಕೂ ನಮಗೂ ನಡುವೆ
ಐರ್ಲೆಂಡಿನ ಯಾವುದೋ ಸಣ್ಣ ಬಂದರಿನಲ್ಲಿ
ಬೇಕರಿಯ ಅಟ್ಟದ ಮೇಲೆ ಇಬ್ಬರೇ ಇಬ್ಬರ ಕಂಪನಿ:
ಡರ್ವ್ಲಾ ಎಂಬ ಲೆಕ್ಕದ ಹೆಂಗಸು, ಅವಳ ಭಾವ.
ದೊಡ್ಡವರ ಫಾರ್ಮನ್ನು ಸಣ್ಣವರ ಬಾಯಿಗೆ ಹೊಂದಿಸುವುದು ಕಸುಬು.
ಫೋನಿನಲ್ಲಿ ಕೇಳಿದಳು,
"ತಕ್ಕಡಿಯ ಜತೆಗೆ ಇನ್ನೇನು ಸೇರಿಸೋಣ?"
ತರ್ಜುಮೆ ಮಾಡಿದೆ.
"ಏನೂ ಬೇಡ."
ತರ್ಜುಮೆ ಮಾಡಿದೆ.
ಆ ಕಡೆ ಸದ್ದಿಲ್ಲ. ನೀರುಹಕ್ಕಿಗಳು ಅರಚಿಕೊಂಡವು,
ಅವಳ ಬಂದರಿನವೋ, ನಮ್ಮವೋ.
ಆಮೇಲೆ, "ಸರಿ, ಹಾಗಾದರೆ ಫಾರ್ಮನ್ನೇ ಕತ್ತರಿಸೋಕೆ ಹೇಳ್ತೀನಿ.
ನಮ್ಮ ಕೂಲಿನೂ ಅಷ್ಟು ಕತ್ತರಿ" ಎಂದು
ನಕ್ಕಳು, ಅಥವಾ ಕೆಮ್ಮಿದಳು.

ಮೂವತ್ತೊಂದು ಹೋಗಿ ಎರಡು ಪುಟ.
ಆ ಸಂಜೆ ಗಲ್ಲಾ ಎಣಿಸುವಾಗ
ಇಬ್ಬರ ಮೇಲೂ ಸಿಟ್ಟು ಬಂತು, ಸುಳ್ಳೇಕೆ ಹೇಳಲಿ.

ಏಳು ತಿಂಗಳಿಗೆ ದುಡ್ಡು ಬಂತು. ತಕ್ಕಡಿ ಹಡಗಿನಲ್ಲಿ ಬರಲಿಲ್ಲ;
ಮ್ಜುಜುವಿನ ಮಪೋಪನ ಅಂಗಡಿಯಿಂದ ಮಿನಿಬಸ್ಸಿನಲ್ಲಿ,
ಯಾರದೋ ಮಡಿಲಲ್ಲಿ ಕೂತು ಬಂತು.
ವರ್ಷಕ್ಕೆರಡು ಸಲ ಅವನೇ ಬಂದು ಮುಳ್ಳು ಸರಿಮಾಡಬೇಕು
ಎಂಬ ಕರಾರು ಬಡಿದವನು ನಾನೇ. ಅರ್ಧ ಪುಟ.

ಮಾವಿನ ಕೊಂಬೆಗೆ ತೂಗುಹಾಕಿದರು.
ಮೊದಲ ದಿನ ವ್ಯಾಪಾರಿಗಳು ಬರಲಿಲ್ಲ. ಎರಡನೆಯ ದಿನವೂ.
ಕೆಲವರು ಗೊಣಗಿದರು; ಒಬ್ಬಳು ರಾತ್ರಿ ಕದ್ದು
ಬಕೇಟಿನ ಲೆಕ್ಕದಲ್ಲೇ ಮಾರಿದಳಂತೆ, ಮಗುವಿಗೆ ಜ್ವರ.
ಅವಳನ್ನು ಯಾರೂ ಹೊರಗೆ ಹಾಕಲಿಲ್ಲ.
ಮೂರನೆಯ ದಿನ ಒಬ್ಬ ಚೀಲ ಹಿಡಿದು ಬಂದ,
ಮುಳ್ಳನ್ನು ನೋಡಿದ, ನ್ಯಾಲೊಂಗ್ವೆಯನ್ನು ನೋಡಿದ,
ಮತ್ತೆ ಮುಳ್ಳನ್ನು.

ಹಳದಿ ಬಕೇಟು ಈಗ ನನ್ನ ಮೇಜಿನ ಕೆಳಗೆ,
ಪ್ರಿಂಟರು ಉಗಿದ ಕಾಗದಕ್ಕೆ.
ಎಷ್ಟು ಹಾಕಿದರೂ ತುಂಬುವುದಿಲ್ಲ, ಮುಂಡೇದು.